ಗೌಸೋದ್ದೀನ್ ಭಾಯಿಗೆ ಎಂಟು ಜಿಬಿ

ಗೌಸ್ ಭಾಯ್,
ಕಾರ್ಡ್ ಕಳಸೀನಿ, ನಿಮ್ಮ ಮೊಮ್ಮಗನ ಕೈಲಿ,
ಬೀಡಿ ಕಟ್ಟಿನ ಕಾಗದದಾಗ ಸುತ್ತಿ.
ಹಾಡಿನ ಹೆಸರು ಇಂಗ್ಲೀಷಿನಾಗ ಇದ್ವು. ಅಳಿಸಿ
ನಾನೇ ಬ್ಯಾರೆ ಇಟ್ಟೀನಿ, ನೆನಪು ಉಳಿಯೋ ಹಂಗ:
ಐದ್ ಮಂದಿ. ಗಡ್ಡದಾತ. ಅಳಬುರುಕ.
ಇದು ರಾತ್ರಿ ಬ್ಯಾಡ.

ಮೊದಲು ಐದ್ ಮಂದಿ ಕೇಳ್ರಿ.
ಒಂದೇ ಮನಿ ಮಕ್ಕಳಲ್ಲ ಇವ್ರು.
ಒಬ್ಬಾ ತನ್ನ ಬ್ಯಾಂಡ್ ಮುರ್ಕೊಂಡು ಬಂದಾನ,
ಒಬ್ಬನ್ನ ಹೊರಗ ಹಾಕ್ಯಾರ,
ಒಬ್ಬಾ ಕುಡಿಯೋದು ಬಿಟ್ಟಾನ, ಕೈ ನಡುಕ ಅವನ್ನ ಬಿಟ್ಟಿಲ್ಲ,
ಉಳಿದ ಇಬ್ಬರು ಒಬ್ಬರ ಮಾರಿ ಒಬ್ಬರು ನೋಡಲ್ಲ,
ರೆಕಾರ್ಡಿಂಗಿಗೆ ಬ್ಯಾರೆ ಬ್ಯಾರೆ ದಿನ ಬರ್ತಾರ.
ನೀವೇ ಅಂತೀರಲ್ಲ,
ಬರೇ ಜಸ್ತ ಇದ್ರ ಕೈಯಾಗೇ ಮುರೀತದ,
ಹದಿನಾರಕ್ಕ ಒಂದು ಪಾಲು ತಾಂಬ್ರ ಬೀಳಬೇಕು ಅಂತ.
ಆ ಒಂದು ಪಾಲು ಯಾರು ಅಂತ ಹುಡುಕ್ಲಾಕ
ನೂರು ಸಲ ಕೇಳೀನಿ ನಾ ಈ ಹಾಡು.
ಹಾಡೋನು ಅನ್ಕೊಂಡಿದ್ದೆ. ಅಲ್ಲ.
ಬೇಸ್ ಹಿಡದವ.
ಫೋಟೋದಾಗ ಹಿಂದ ನಿಂತಾನ, ಅರ್ಧ ಮಾರಿ ಕತ್ತಲಿ.

ನಿಮ್ಮ ಎಡಗಿವಿ ಹೋಗಿ ಹನ್ನೊಂದು ವರ್ಷ,
ಬಲಗಿವಿ ನಾಕಾಣಿ ಉಳದದ.
ಕಿವುಡಗ ಯಾಕ ಹಾಡು ಅಂತಾರ ಚೌಬಾರಾದ ಮಂದಿ.
ಅನ್ಲಿ.
ಇಯರ್‌ಫೋನ್ ಬ್ಯಾಡ.
ಸ್ಪೀಕರ್ ಉಲ್ಟಾ ಮಾಡಿ ಕೆಲಸದ ಮಣಿ ಮ್ಯಾಲ ಇಡ್ರಿ,
ಬಾಜೂಕ ಮೊಳಕೈ ಊರ್ರಿ, ಉಳಿ ಕೆಳಗಿಟ್ಟು.
ಎಲುಬಿಗೆ ಕೇಳ್ತದ.
ನಾ ಮಂಗಲಪೇಟ ಚರ್ಚಿನಾಗ ಇಪ್ಪತ್ತು ವರ್ಷದಿಂದ ಡ್ರಮ್ ಬಾರಸ್ತೀನಿ,
ಪಾಸ್ಟರಮ್ಮ ಪ್ರತಿ ಐತವಾರ ಅಂತಾಳ:
ಸಾವಕಾಶ ಸಿಮೆಯೋನ, ದೇವರಿಗೆ ಕಿವಿ ಅದಾವ.
ದೇವರಿಗೆ ಅದಾವ ಖರೆ.
ನಾ ಜೋರ್ ಬಾರಿಸೋ ದಿನ
ನಿಮ್ಮನ್ನ ನೆನಿಸಿ ಬಾರಸ್ತೀನಿ.

ಎರಡನೇ ಫೋಲ್ಡರ್ ಬೀಗರದು.
ಗಿಟಾರದವನ ಮೊದಲಿನ ಬ್ಯಾಂಡು,
ಅಲ್ಲಿಂದ ಓಡಿಹೋದ ಡ್ರಮ್ಮರ್ ಕಟ್ಟಿದ್ದು,
ಅವನ ತಮ್ಮಾ ಅವನ ಕೂಡ ಜಗಳಾಡಿ ಕಟ್ಟಿದ್ದು.
ಹಿಂಗ ಹುಡುಕ್ಕೋತ ಹೋದ್ರ
ಸೋದರತ್ತಿ ಮಗಳ ನಾದಿನಿ ತನಕ ಸಂಬಂಧ ಹತ್ತತದ.
ಎಲ್ಲಾರು ಎಲ್ಲಾರ ಕೂಡ ಬಾರ್ಸ್ಯಾರ,
ಎಲ್ಲಾರು ಎಲ್ಲಾರ ಕೂಡ ಮಾತು ಬಿಟ್ಟಾರ.
ಇದ್ರಾಗ ನಾಲ್ಕನೇದು ಬಿಡಬ್ಯಾಡ್ರಿ.
ಎರಡು ನಿಮಿಷ ಏನೂ ಇಲ್ಲ,
ಕಾರ್ಡ್ ಕೆಟ್ಟದ ಅಂತ ಬೈಬ್ಯಾಡ್ರಿ,
ಆಮ್ಯಾಲ ಬರ್ತದ.
ರಾತ್ರಿ ಖಾಲಿ ಗೂಡ್ಸ್ ಗಾಡಿ ಬಂದ್ರ
ತಾಟಿನಾಗಿನ ನೀರು ಮೊದಲು ತಿಳ್ಕೋತದಲ್ಲ,
ಹಂಗ.

ಗಡ್ಡದಾತನ ಬಗ್ಗೆ ಸುಳ್ಳು ಹೇಳಲ್ಲ.
ಹೆಸರು ದೊಡ್ಡದು, ಹಾಡು ಸಪ್ಪ.
ನಾಕು ಸಾವಕಾರ್ರು ಒಂದು ಬಾವಿಗೆ ಹೋದ್ರ
ನೀರು ಸೇದೋರು ಯಾರು?
ಜಾಗ ಉಳದಿತ್ತು ಅಂತ ಹಾಕೀನಿ.
ಅಳಬುರುಕ ಮಾತ್ರ ಛಲೋ ಅದ, ನಡುವ ಒಂದು ಕಡೆ
ಹಾಡೋನ ಗಂಟಲು ಹರೀತದ,
ಹರದದ್ದನ್ನ ಅಳಸಲಾರ್ದ ಹಂಗೇ ಇಟ್ಟಾರ.
ನೀವಾಗಿದ್ರ ಆ ತುಂಡು ಕರಗಿಸಿ ಮತ್ತ ಎರಕ ಹೊಯ್ತಿದ್ರಿ.
ಅದಕ್ಕೇ ಕಳಸೀನಿ.

ಕಿಲ್ಲಾದ ಮಣ್ಣು ನಾಲಿಗಿ ಮ್ಯಾಲ ಇಟ್ಟು
ಇದು ಕಪ್ಪಾಗ್ತದ, ಇದು ಆಗಲ್ಲ ಅಂತೀರಿ.
ನಾನೂ ಒಮ್ಮೆ ನೆಕ್ಕಿದ್ದೆ, ನೀವು ಒಳಗ ಹೋದಾಗ.
ಬರೇ ಮಣ್ಣು.
ಹಾಡಿನ ಬಗ್ಗೆ ನನ್ನ ಮಾತು ನಂಬಬ್ಯಾಡ್ರಿ ಅಂದ್ಹಂಗಾಯ್ತು.

*

ಮೂರನೇ ದಿನ ಮೊಮ್ಮಗ ಬಂದ,
ಉಗುರಿನಾಗ ನವಸಾಗರದ ಬಿಳಿ.
ದಾದಾ ಅಂದ್ರು, ತಾಂಬ್ರ ಆ ಬೇಸಿನವ ಅಲ್ಲಂತ.

ಮತ್ಯಾರಂತೋ?

ಅದು ಹೇಳ್ಲಿಲ್ಲ.
ಇನ್ನೊಂದು ಕಾರ್ಡ್ ತುಂಬಿ ಕೊಡಂದ್ರು.