ಪಾಡ್ಯದ ಲೆಕ್ಕ

ಪಾಡ್ಯದ ದಿನ ಸಾವಕಾರರು ಹೊಸ ವಹಿಗೆ ಕುಂಕುಮ ಹಚ್ಚಿದರು.
ಹಳೇ ವಹಿಯಾಗ ಕೊನೀ ಹಾಳಿ ಖಾಲಿ ಉಳದಿತ್ತು,
ಕೇಳಿ ಹರಕೊಂಡು ಬಂದೆ.
ಖಣ ಎಷ್ಟು ನೇಯ್ದೆ, ಕೂಲಿ ಎಷ್ಟು ಮುಟ್ಟಿತು,
ಅದೆಲ್ಲಾ ಅವರ ಕಡೆ ಐತಿ.
ಮ್ಯಾಲಿನ ಮೂಲ್ಯಾಗ ಶ್ರೀ ಬರದು, ಕೆಳಗ
ನನ್ನ ವರ್ಷದ್ದು ಬರೀತೀನಿ.

ಮೊಬೈಲಿನಾಗ ಬಂದ ಹಾಡು ಬ್ಯಾಡ,
ಬಂದಷ್ಟ ಲಗೂನ ಹೋದವು ಅವು.
ಹಿಂದಿನ ಓಣಿ ಮಕ್ತುಮಸಾಬ
ಬ್ಯಾಂಡಿನಾಗ ಕ್ಲಾರಿಯೋನೆಟ್ ಊದ್ತಾನ.
ವರ್ಷಾನುಗಟ್ಟಲೆ ಕುಣಿಯೋರು ಕೇಳಿದ್ದನ್ನ ಊದಿದಾವ.
ಆಷಾಢ ಬಂತು. ಮದುವಿ ಇಲ್ಲ, ಮೆರವಣಿಗಿ ಇಲ್ಲ.
ಸಂಜೀಕ ತಗಡಿನ ಶೆಡ್ಡಿನಾಗ ಒಬ್ಬಾವನ ಕುಂತು
ಒಂದ ಸ್ವರಾ ಹಿಡದು ಎಳದ.
ನನ್ನ ಲಾಳಿ ಈ ದಂಡಿಯಿಂದ ಆ ದಂಡಿಗೆ ಹೋತು,
ತಿರುಗಿ ಬಂತು, ಮತ್ತ ಹೋತು,
ಅದು ಅಲ್ಲೇ ಇತ್ತು.
ಯಾವ ರಾಗ ಅಂತ ಕೇಳಬೇಕಿತ್ತು. ಕೇಳಲಿಲ್ಲ.
ಆವತ್ತಿನ ಆನಿಹೆಜ್ಜಿ ಖಣದಾಗ ಎಳಿ ಒಂದು ತಪ್ಪೈತಿ.
ಯಾರ ಕುಪ್ಪಸದ ಬೆನ್ನಿಗೈತೋ ಈಗ.

ಸಿನಿಮಾ ನೋಡಿದ್ದು ಒಂದ, ಅದೂ ಅರ್ಧ.
ನೆಗೆಣ್ಣಿ ದಾಕ್ಷಾಯಿಣಿ, ಅಕಿ ಎಂಟು ತಿಂಗಳ ಕೂಸು, ನಾನು,
ಬಾಗಲಕೋಟಿ ಟಾಕೀಜಿನಾಗ.
ಕೂಸಿಗೆ ಕತ್ತಲಿ ಸೇರಲಿಲ್ಲ.
ಒಮ್ಮೆ ಅಕಿ ಎತ್ತಿಕೊಂಡು ಹೊರಗ, ಒಮ್ಮೆ ನಾ.
ಬರೂ ಬಸ್ಸಿನಾಗ ಕುಂತು ಜೋಡಿಸಿದ್ವಿ:
ನನ್ನ ಅರ್ಧದಾಗ ಅಂವ ಕಳ್ಳ,
ಅಕಿ ಅರ್ಧದಾಗ ದೇವರಂಥಾವ.
ಶಿರೂರು ದಾಟೂತನಕ ಜಗಳ.
ಕಂಡಕ್ಟರ್ ಟಿಕೇಟು ಬಿಟ್ಟು ಕೇಳಿದ, "ಕಡೀಕ ಯಾರು ಸತ್ರು?"
ಇಬ್ಬರಿಗೂ ಗೊತ್ತಿಲ್ಲ. ಕಡೀ ಹೊತ್ತಿಗೆ
ಕೂಸು ಮಲಗಿತ್ತು, ಅದರ ಜೋಡಿ ನಾವೂ.

ಇನ್ನ ಪುಸ್ತಕದ್ದು. ಹಾಳಿ ಸಾಲೂದಿಲ್ಲ ಅನ್ನಸ್ತದ.
"ಅದನ್ನ ಒಯ್ಯಬ್ಯಾಡ, ಕೊನೀ ಹದಿನಾರು ಪುಟ ಇಲ್ಲ,"
ಲೈಬ್ರರಿ ಮಲಕಪ್ಪ ಅಂದಿದ್ದ.
ಇಲ್ಲದ್ದಕ್ಕ ಒಯ್ದೆ.
ರಾತ್ರಿ ಅತ್ತಿ ನೀಲವ್ವ ಕಂಡಿಕಿ ಸುತ್ತತಿದ್ಲು,
ನಾ ಓದತಿದ್ದೆ.
ಸಾಲಿ ಮೆಟ್ಟಲಾ ಹತ್ತಿದಾಕಿ ಅಲ್ಲ ಅಕಿ,
ಆದ್ರ ಕತೀ ಎಳಿ ತಪ್ಪಿದ್ರ ರಾಟಿ ನಿಂದ್ರಸ್ತಾಳ.
ಹುಡುಗಿ ಹೊಳಿ ದಂಡಿಗೆ ಬಂದ್ಲು, ದೋಣಿ ಇನ್ನೂ ದೂರ ಐತಿ,
ಅಲ್ಲಿಗೆ ಪುಟ ಮುಗದವು.
ನಾ ತಡೀಲಿಲ್ಲ. ಬರೇ ರಟ್ಟು ನೋಡಕೋತ ಓದಿದೆ:
ದೋಣಿ ಬಂತು, ಹತ್ತಿದ್ಲು,
ಆಚೀ ದಂಡ್ಯಾಗ ಅವ್ವ ನಿಂತಿದ್ಲು...

ರಾಟಿ ನಿಂತಿತು.
"ಇದು ನೀ ನೇಯ್ದದ್ದು. ನೂಲು ಬ್ಯಾರೆ ಐತಿ."
ಸಿಟ್ಟಿರಲಿಲ್ಲ. ಒಂದು ಕಂಡಿಕಿ ತುಂಬೂ ಹೊತ್ತು ಸುಮ್ಮನಿದ್ದು,
"ಅವ್ವ ಯಾಕ ಬೇಕು ನಡುವ?
ಅಕಿ ಒಬ್ಬಾಕಿನ ಈಜಿ ಹೋಗಲಿ," ಅಂದ್ಲು.
ಮೂರು ರಾತ್ರಿ ಅಕಿ ಹೇಳಿದ್ಲು, ನಾ ಬರದೆ.
ಹದಿನಾರು ಆಗಲಿಲ್ಲ, ನಾಕ ಪುಟ.
ಗೋಂದು ಹಚ್ಚಿ ರಟ್ಟಿನ ಒಳಗ ಅಂಟಿಸಿ
ಮಲಕಪ್ಪಗ ಏನೂ ಹೇಳದ ಕೊಟ್ಟು ಬಂದೆ.

ಹೋದ ವಾರ ಕಪಾಟಿನಾಗ ಅದ ಪುಸ್ತಕ ಕಂಡಿತು, ತಗದೆ.
ನಮ್ಮ ನಾಕನೇ ಪುಟದ ಕೆಳಗ ಪೆನ್ಸಿಲ್ಲಿನಾಗ,
ಇರಿವಿ ಹಂತಾ ಅಕ್ಷರ, ಯಾರೋ ಬರದಾರ:
"ಆ ಹೊಳಿ ಈಜಾಕ ಆಗೂದಿಲ್ಲ. ನಾ ನೋಡೀನಿ."

ಈ ವರ್ಷ ಓದಿದ್ದರಾಗ ಭಾಳ ಸೇರಿದ್ದು ಇದೊಂದ ಸಾಲು.
ಅತ್ತಿಗೆ ಇನ್ನೂ ಹೇಳಿಲ್ಲ.
ಹೇಳಿದ್ರ,
ಬರದಾವರನ್ನ ಮನೀಗೆ ಕರಕೊಂಡು ಬಾ ಅಂತಾಳ.