ಪೈಪಿನ ಪಾಲು

ಬೆಟಗೇರಿಯ ನಮ್ಮ ಓಣಿಗೆ ಒಂಬತ್ತು ದಿನಕ್ಕೊಮ್ಮೆ ನೀರು.
ಮೊದಲು ಬರುವುದು ಗಾಳಿ.
ನಳದ ಬಾಯಿಗೆ ಕಿವಿಯಿಟ್ಟರೆ, ದೂರದಲ್ಲಿ ಯಾರೋ
ಶಂಖ ಊದಲು ಕಲಿಯುತ್ತಿರುವಂತೆ
ಸುಂಯ್ ಎಂದು ಒಂದು ಸದ್ದು, ಬಿಕ್ಕಳಿಕೆ, ಮತ್ತೆ ಸುಂಯ್.
ನಮ್ಮದು ಕಡೇ ಮನೆ, ಏರಿನ ಮೇಲೆ.
ಮಗ್ಗ ನಿಲ್ಲಿಸಿ ಕೊಡಗಳನ್ನು ಸಾಲಾಗಿಟ್ಟು ಅವ್ವ ಕಾಯುವಳು.
ನೀರು ಬಂದು ನಾಕು ಕೊಡ ತುಂಬುವುದರೊಳಗೆ
ಕೆಳಗೆ ಖಾಸಿಮಸಾಬ ಚಾವಿ ತಿರುವಿರುತ್ತಿದ್ದ.

"ಅರ್ಧ ತಾಸು ಅಂತಾನ, ಅರ್ಧ ತಾಸು!
ಯಾರ ಹೊಟ್ಟಿಗೆ ಹೋತು ನನ್ನ ಪಾಲು?"

ನಾನು ಎಂಟನೇ ಇಯತ್ತೆ. ಆ ವಾರವೇ
ಹೆಬಸೂರ ಮಾಸ್ತರರು ಸಿಲಿಂಡರ್ ಕಲಿಸಿದ್ದರು,
ತಮ್ಮ ಬುತ್ತಿ ಬಿಚ್ಚಿ, ರೊಟ್ಟಿಯ ಮೇಲೆ ರೊಟ್ಟಿ ಒಟ್ಟಿ:
"ಒಂದು ರೊಟ್ಟಿ ಎಷ್ಟು ಅಗಲ, ಒಟ್ಟಿದ್ದು ಎಷ್ಟು ಎತ್ತರ.
ಇಷ್ಟ ನೋಡ್ರಿ, ಉಳಿದದ್ದು ಗುಣಾಕಾರ."
ಪೈಪ್ ಅಂದರೆ ಮಲಗಿದ ಸಿಲಿಂಡರ್;
ಅದರ ಎತ್ತರಕ್ಕೆ ಉದ್ದ ಅನ್ನಬೇಕು.

ರಿಪೇರಿಗೆಂದು ಕಿತ್ತು ಬಿಸಾಕಿದ ತುಂಡೊಂದು
ಗಟಾರದ ಬದಿಗೆ ಬಿದ್ದಿತ್ತು. ಬಾಯಿಗೆ ಸ್ಕೇಲಿಟ್ಟೆ:
ಒಳಗಿನ ಅಗಲ ಹತ್ತು ಸೆಂಟಿಮೀಟರ್,
ಬೆರಳಿಗೆ ಹತ್ತಿದ ಜಂಗು ಬಿಟ್ಟು.
ಉದ್ದ ಅವ್ವನೇ ಹೇಳಿದಳು. ಹಾಸು ಹೂಡುವವಳು,
ಕಣ್ಣಲ್ಲೇ ಅಳೆದಳು:
"ವಾಲ್ವಿನಿಂದ ನಮ್ಮ ಹೊಸ್ತಿಲಕ್ಕ ಮೂವತ್ತೈದು ಸೀರಿ."
ಸೀರೆಗೆ ಆರು ಮೀಟರಿನಂತೆ ಇನ್ನೂರಾ ಹತ್ತು.

ಕಟ್ಟೆಯ ಮೇಲೆ ಖಡುವಿನಿಂದ ಬರೆದೆ.
ಐದೈದಲೆ ಇಪ್ಪತ್ತೈದು. ಅದಕ್ಕೆ ಇಪ್ಪತ್ತೆರಡು.
ಇಪ್ಪತ್ತೊಂದು ಸಾವಿರವನ್ನು ಏಳು ಸಲೀಸಾಗಿ ಭಾಗಿಸಿತು.
ಸೊನ್ನೆಗಳು ಕಟ್ಟೆ ಮುಗಿದು ಗೋಡೆ ಹತ್ತಿದವು.
ಸಾವಿರದ ಆರುನೂರಾ ಐವತ್ತು ಲೀಟರ್.
ಹದಿನೈದು ಲೀಟರಿನ ಕೊಡ.
ನೂರಾ ಹತ್ತು ಕೊಡ.

"ಅವ್ವಾ, ಯಾರೂ ಕದ್ದಿಲ್ಲ. ನಿನಗಿಂತ ಮೊದಲ
ಪೈಪ ಕುಡಿತೈತಿ ನೂರಾ ಹತ್ತು ಕೊಡ."
ಅವಳು ಲಾಳಿ ಕೆಳಗಿಟ್ಟಳು.
"ಕುಡದದ್ದು ಎಲ್ಲಿ ಹೋಗತೈತಿ?
ಒಂಬತ್ತು ದಿನಕ್ಕ ಮತ್ತ ಹ್ಯಾಂಗ ಹಸಿತೈತಿ?"
ಇದು ಪುಸ್ತಕದಲ್ಲಿರಲಿಲ್ಲ.
ಪುಸ್ತಕದ ಸಿಲಿಂಡರಿಗೆ ಇಳಿಜಾರು ಇರುವುದಿಲ್ಲ.

ಮುಂದಿನ ಸರತಿ, ವಾಲ್ವ್ ಬಂದಾದ ಮೇಲೆ,
ಟೊಂಕದ ಮೇಲೆ ಕೊಡ ಇಟ್ಟು ಅವ್ವ ಇಳಿದಳು.
ಮೊದಲ ಮನೆ ಅಂದಾನವ್ವನ ನಳ ಇನ್ನೂ ಸುರಿಯುತ್ತಿತ್ತು,
ಸಣ್ಣಗೆ, ಅವಸರವಿಲ್ಲದೆ.
ಆಕೆ ಎಮ್ಮೆಯ ಮೈ ತೊಳೆಯುತ್ತಿದ್ದಳು.
"ಈಗ ಬರೂದು ನಿನ್ನ ನೀರಲ್ಲವಾ, ಪೈಪಿನ ಹೊಟ್ಟಿಯಾಗಿಂದು."
"ಪೈಪೇನು ನಿನ್ನ ತವರಿನವರು ಹುಗಿಸ್ಯಾರೇನು?"
ಅಲ್ಲಿಂದ ಮಾತು ಎಮ್ಮೆಗೆ ಹೋಯಿತು, ಗಂಡಂದಿರಿಗೆ,
ಮೂರು ವರ್ಷದ ಹಿಂದಿನ ಒಂದು ಸೀರೆಯ ಬಾಕಿಗೆ.
ಲೆಕ್ಕದ ಹಾಳೆ ಹಿಡಿದು ನಾನು ನಡುವೆ ನಿಂತಿದ್ದೆ.
ಯಾರೂ ಅದನ್ನು ನೋಡಲಿಲ್ಲ.

ವಾಲ್ವಿನ ಕಬ್ಬಿಣದ ಮುಚ್ಚಳದ ಮೇಲೆ ಕೂತಿದ್ದ ಖಾಸಿಮಸಾಬ.
"ಎಷ್ಟಂದಿ ತಂಗಿ?"
"ನೂರಾ ಹತ್ತು."
ತುಟಿಯೊಳಗೇ ಮೂರು ಸಲ ಅಂದುಕೊಂಡ.
"ನನಗ ಬರದದ್ದು ಓದಾಕ ಬರಂಗಿಲ್ಲ.
ಆದರ ಮ್ಯಾಲೆ ಆ ಸುಂಯ್ ಅನ್ನೂದು ನಿಲ್ಲಾಕ
ನಂದೊಂದು ಬೀಡಿ ಮುಗಿತೈತಿ. ಅದs ಇದು."

ಒಂಬತ್ತನೇ ದಿನ ಅವನು ಬೀಡಿ ನೆಲಕ್ಕೆ ಒರಸಿ ಆರಿಸಿದ.
ಎದ್ದ. ಆಳುದ್ದದ ಚಾವಿಗೆ ಕೈ ಹಾಕಿದ.
ಮತ್ತೆ ಕೂತ.
ಎರಡನೇ ಬೀಡಿ ಹಚ್ಚಿದ.

ಹನ್ನೊಂದನೇ ಕೊಡ ತುಂಬಿದಾಗ ಅವ್ವ ಏನೂ ಅನ್ನಲಿಲ್ಲ,
ಇಡಲು ಜಾಗ ಹುಡುಕಿದಳು.

ಸಂಜೆ ಕಂಬಾರ ಓಣಿಯಿಂದ ಮೂವರು ಹೆಂಗಸರು ಬಂದರು.
ಅವರ ನೀರು ಅಂದು
ಒಂದು ಬೀಡಿಯಷ್ಟು ಮೊದಲೇ ನಿಂತಿತ್ತು.
ಒಬ್ಬಳ ಕೈಯಲ್ಲಿ ಬಾವಿಯ ಹಗ್ಗದ ಸುರುಳಿ.
"ನಿಮ್ಮದಷ್ಟ ಮಾಡಿಕೊಂಡರ ಹ್ಯಾಂಗ? ನಮ್ಮದೂ ಅಳಿ, ಬಾ."
ನಾನು ಖಡು ಹುಡುಕಿದೆ.
ಅದು ಉಗುರಿನಷ್ಟು ಉಳಿದಿತ್ತು.