ಇಪ್ಪತ್ತನಾಲ್ಕು ಕಾಯಿ

ಇಪ್ಪತ್ತನಾಲ್ಕು ಸಾಲು ಕೊಟ್ಟಿದ್ದಾರೆ ತುಂಬಲು,
ಹನ್ನೊಂದು ದಿನ.
ಮೊದಲ ನಾಲ್ಕು ದಿನದಲ್ಲಿ ನಾನು ತುಂಬಿದ್ದು
ನನ್ನ ಹೆಸರು, ಅಪ್ಪನ ಹೆಸರು, ಜೊಂಗುಲ್ದಾಕ್ ಎಂಬ ಊರು.

ಅಂಗಳದ ಟಾರ್ಪಾಲಿನ ಮೇಲೆ ಹೇಜಲ್ ಕಾಯಿ ಒಣಗುತ್ತಿವೆ.
ಗಂಟೆಗೊಮ್ಮೆ ಅಮ್ಮ ಕೈಯಾಡಿಸಿ ಮಗುಚುತ್ತಾಳೆ.
ಕಪ್ಪು ಸಮುದ್ರದ ಮೇಲೊಂದು ಮೋಡ
ಬರಲೋ ಬೇಡವೋ ಎಂದು ಬೆಳಗಿನಿಂದ ನಿಂತೇ ಇದೆ,
ಅದಕ್ಕೂ ಯಾರೋ ಇಂಥದೇ ಅರ್ಜಿ ಕೊಟ್ಟಿರಬೇಕು.

ರಾಶಿಯಿಂದ ಇಪ್ಪತ್ತನಾಲ್ಕು ಆರಿಸಿ ತಂದು
ಮೆಟ್ಟಿಲ ಮೇಲೆ ಸಾಲಾಗಿ ಜೋಡಿಸಿದೆ.
ಇದು ಇಸ್ತಾಂಬುಲ್: ದಪ್ಪ, ಹೊಳಪು,
ನನ್ನ ಅಂಕದ ತುದಿಗಾಲಿಗೂ ಎಟುಕದ್ದು.
ಇದು ಅಂಕಾರಾ. ಅದೂ ಅಷ್ಟೆ.
ಇದು ಎಸ್ಕಿಶೆಹಿರ್. ಊರ ನಡುವೆ ಹೊಳೆ, ಹೊಳೆಯಲ್ಲಿ ದೋಣಿ,
ಮೆಕ್ಯಾನಿಕಲ್ ಸೀಟು ಹೋದ ವರ್ಷ ನಿಂತದ್ದು
ನನಗಿಂತ ಬರೀ ಮುನ್ನೂರು ಜನ ಮುಂದೆ.
ಇದು ಕುತಾಹ್ಯಾ. ಇದು ಇಸ್ಪಾರ್ತಾ, ಗುಲಾಬಿಯ ಊರು.
“ಗುಲಾಬಿ ತಿಂದು ಓದುತ್ತೀಯಾ?” ಎಂದಳು ಅಮ್ಮ.
ತಿನ್ನುತ್ತಾರಂತೆ ಅಲ್ಲಿ, ಮುರಬ್ಬ ಮಾಡಿ.

ರಾಸಿಮ್ ಮಾವ ಫೋನಿನಲ್ಲಿ ಕಂಪ್ಯೂಟರ್ ಎಂದ,
ಮತ್ತೆ ಕಂಪ್ಯೂಟರ್ ಎಂದ,
ಫೋನು ಇಡುವ ಮುನ್ನ ಇನ್ನೊಮ್ಮೆ.
ಬೇಲಿಯಾಚೆಯ ಮುಜೆಯೆನ್ ಅತ್ತೆ
ಅಟ್ಟಕ್ಕೆ ಹಾರದವಳು ಬೆಟ್ಟಕ್ಕೆ ಹಾರಿಯಾಳೇ ಎಂದು
ಬೆಕ್ಕಿಗೆ ಹೇಳಿದಳು, ನನಗೆ ಕೇಳುವಷ್ಟು ಗಟ್ಟಿಯಾಗಿ.
ಮೆಕ್ಯಾನಿಕಲ್ ಏಕೆ ಎಂದು ಕೇಳಿದವರಿಗೆಲ್ಲ
ಏನೇನೋ ಹೇಳಿದ್ದೇನೆ.
ನಿಜ ಇಷ್ಟು: ಗುಡ್ಡದಾಚೆ ಗಣಿಯ ಗಾಳಿಯಂತ್ರ
ರಾತ್ರಿಯಿಡೀ ಗುಂಯ್ ಎನ್ನುವುದನ್ನು ಕೇಳುತ್ತ ಮಲಗಿದವಳು ನಾನು.
ಅದು ನಿಂತ ಒಂದು ರಾತ್ರಿ
ಇಡೀ ಓಣಿ ಒಟ್ಟಿಗೆ ಎದ್ದು ಕೂತಿತ್ತು.
ಅದು ಹೇಗೆ ತಿರುಗುತ್ತದೆ, ನನಗೆ ಗೊತ್ತಾಗಬೇಕು.

ನೀರು ಕುಡಿದು ಬರುವಷ್ಟರಲ್ಲಿ
ತಮ್ಮ ತಾಯ್ಲಾನ್ ಒಂಬತ್ತನೆಯದನ್ನು ತಿಂದುಬಿಟ್ಟಿದ್ದ.
“ಯಾವ ಊರು ಅದು?” ಎಂದ, ಬಾಯಿ ತುಂಬಿಕೊಂಡೇ.
ಬಾಲಿಕೆಸಿರ್, ಎಂದೆ.
“ಚೆನ್ನಾಗಿತ್ತು.”

ಸಂಜೆ ಅಪ್ಪ ಬಂದ.
ಅಪ್ಪನದು ಗಣಿಯ ದೀಪದ ಕೋಣೆ.
ಇಳಿಯುವವರಿಗೆ ದೀಪ ಕೊಟ್ಟು ಅವರ ಬಿಲ್ಲೆ ಕೊಕ್ಕೆಗೆ ಹಾಕುವುದು,
ಏರಿ ಬಂದವರ ದೀಪ ಪಡೆದು ಬಿಲ್ಲೆ ಕೈಗಿಡುವುದು,
ಹತ್ತೊಂಬತ್ತು ವರ್ಷದಿಂದ ಇದೇ ಕೊಡುಕೊಳ್ಳು.
ಕಾಯಿಯ ಸಾಲನ್ನು ದಾಟದೆ, ಬೂಟು ಬಿಚ್ಚದೆ
ಕೆಳಗಿನ ಮೆಟ್ಟಿಲಲ್ಲೇ ಕೂತ.
“ಕೊನೆಯದು ಯಾವುದು?” ಎಂದ.

ಮೊದಲನೆಯದನ್ನು ಕೇಳಪ್ಪಾ, ಎಲ್ಲರೂ ಅದನ್ನೇ ಕೇಳುತ್ತಾರೆ.

“ಮೊದಲು ಮೇಲೆ ಬಂದವನ ನಂಬರು
ಒಂದು ದಿನವೂ ನನಗೆ ನೆನಪಿರುವುದಿಲ್ಲ, ಸೆರ್ಪಿಲ್.
ಕೊನೆಯ ಬಿಲ್ಲೆ ತೂಗುತ್ತಿರುವ ತನಕ
ಚಹಾ ಗಂಟಲಲ್ಲಿ ಇಳಿಯುವುದಿಲ್ಲ.
ಯಾವುದೂ ಸಿಗದೆ ಅದೇ ಸಿಕ್ಕಿತು ಅನ್ನು.
ಹೋಗುತ್ತೀಯಾ?”

ನೋಡಿದೆ. ಸಂಖ್ಯೆ ತುಂಬಲೆಂದು ಇಟ್ಟ ಸಣ್ಣ ಕಾಯಿ,
ಬಸ್ಸು ನಿಂತರೂ ಇಳಿಯಲು ಮನಸ್ಸಾಗದ ಊರು.
ಹಲ್ಲಿನಡಿ ಒತ್ತಿದೆ. ಪೊಳ್ಳು.
ಅಪ್ಪ ನಗಲಿಲ್ಲ. ಬೂಟು ಬಿಚ್ಚಿದ,
ಎರಡನ್ನೂ ಬಡಿದು ಕರಿ ಧೂಳು ಉದುರಿಸಿ ಒಳಗೆ ಹೋದ.

ನಮ್ಮೂರಿನ ಕಾಲೇಜೂ ಇದೆ,
ಈ ಮೆಟ್ಟಿಲಿಂದಲೇ ಅದರ ನೀರಿನ ಟ್ಯಾಂಕು ಕಾಣುತ್ತದೆ.
ಗೆಳತಿಯರ ಮುಂದೆ ಅದರ ಹೆಸರನ್ನು
ತೂತುಬಿದ್ದ ಕಾಲುಚೀಲದಂತೆ ಮುಚ್ಚಿಟ್ಟುಕೊಂಡವಳು ನಾನು.
ಅಲ್ಲೂ ಮೆಕ್ಯಾನಿಕಲ್ ಇದೆ. ಅಲ್ಲಿಗೂ
ರಾತ್ರಿ ಆ ಗುಂಯ್ ಕೇಳಿಸುತ್ತಿರಬೇಕು.

ರಾಶಿಯಲ್ಲಿ ಕೈಯಾಡಿಸಿ ತೂಕವಿದ್ದದ್ದೊಂದನ್ನು ಹುಡುಕಿದೆ.
ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ
ಸಾಲಿನ ಕಡೆಯಲ್ಲಿ ಇಟ್ಟೆ.
ಇಪ್ಪತ್ತನಾಲ್ಕನೆಯ ಸಾಲನ್ನು ಎಲ್ಲಕ್ಕಿಂತ ಮೊದಲು,
ಬಿಡಿಸಿ ಬಿಡಿಸಿ, ಬರೆದೆ.

ಇನ್ನು ಇಪ್ಪತ್ತಮೂರು.
ತಾಯ್ಲಾನ್, ಆ ಕೈಯನ್ನು ಜೇಬಿನಲ್ಲಿ ಇಟ್ಟುಕೋ.